ಧಾವಿಸಬೇಕಾದಾಗ ನಿಲ್ಲುತ್ತೇವೆ, ನಿಲ್ಲಬೇಕಾದಾಗ ಧಾವಿಸುತ್ತೇವೆ

(ಹೃದಯಾರೋಗ್ಯದ ಕುರಿತು ಏರ್ಪಡಿಸಲಾದ ಸಾರ್ವಜನಿಕ ಸಭೆಯಲ್ಲಿ ರೋಗಿಗಳ ನೆರವು ಸಮಿತಿಯೊಂದರ ಕಾರ್ಯಕರ್ತರು ಮಾಡಿದ ಭಾಷಣದ ಬರಹರೂಪ)



ನಾನು ವೈದ್ಯನಲ್ಲ. ನಮ್ಮ ಊರಿನ ರೋಗಿಗಳ ನೆರವು ನಿಧಿಯ ಲೆಕ್ಕಪತ್ರವನ್ನು ಹಲವು ವರ್ಷಗಳಿಂದ ನೋಡಿಕೊಂಡು ಬರುತ್ತಿರುವವನು. ಆಸ್ಪತ್ರೆಯ ಬಿಲ್ಲುಗಳನ್ನು ಓದುವುದು, ರಿಯಾಯಿತಿಗಾಗಿ ಕೌಂಟರಿನ ಮುಂದೆ ನಿಲ್ಲುವುದು, ಜುಮಾ ನಮಾಝಿನ ಬಳಿಕ ಜಮಾಅತಿನ ಮುಂದೆ ಕೈಚಾಚುವುದು - ಇವಿಷ್ಟೇ ನನ್ನ ಕೆಲಸ. ವೈದ್ಯಕೀಯದ ಬಗ್ಗೆ ನಾನಿಲ್ಲಿ ಹೇಳಲಿರುವುದೆಲ್ಲ ಬಲ್ಲವರಿಂದ ಕೇಳಿ, ಓದಿ ತಿಳಿದುಕೊಂಡದ್ದು. ಆದರೆ ನಮ್ಮ ನಿಧಿಯ ಕಡತದಲ್ಲಿರುವ ಎರಡು ಪ್ರಕರಣಗಳು ನನ್ನದೇ ಅನುಭವ. ಆ ಎರಡರಲ್ಲೂ ನಾವು ತಪ್ಪಿದ್ದೇವೆ. ಅದನ್ನು ಒಪ್ಪಿಕೊಳ್ಳುವುದರಿಂದಲೇ ಮಾತು ಆರಂಭಿಸುತ್ತೇನೆ.

ಮೊದಲನೆಯದು, ನಲ್ವತ್ತಾರು ವರ್ಷದ ಒಬ್ಬ ಆಟೋ ಚಾಲಕರದ್ದು. ಒಂದು ರಾತ್ರಿ ಊಟ ಮುಗಿಸಿ ಮಲಗಿದವರಿಗೆ ಎದೆಯ ನಡುವೆ ಭಾರ, ಎಡತೋಳಿನಲ್ಲಿ ಸೆಳೆತ, ಮೈಯೆಲ್ಲ ಬೆವರು. ಮನೆಯವರು ಗ್ಯಾಸ್ ಎಂದು ಭಾವಿಸಿ ಸೋಡಾ ಕುಡಿಸಿದರು, ಜೀರಿಗೆ ಕಷಾಯ ಕೊಟ್ಟರು. "ಬೆಳಕು ಹರಿಯಲಿ, ನೋಡೋಣ" ಎಂದು ಕಾದರು. ಬೆಳಿಗ್ಗೆ ಖಾಸಗಿ ಆಸ್ಪತ್ರೆಗೆ ಸೇರಿಸಿದಾಗ ಮುಂಗಡ ಹಣ ಕೇಳಲಾಯಿತು. ನಮಗೆ ಫೋನ್ ಬಂತು. ನಾವು ಪದಾಧಿಕಾರಿಗಳನ್ನು ಒಟ್ಟುಗೂಡಿಸಿ, ಚರ್ಚಿಸಿ, ಚೆಕ್ ಬರೆಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಜೀವ ಉಳಿಯಿತು. ಆದರೆ ಹೃದಯದ ಸ್ನಾಯುವಿನ ದೊಡ್ಡದೊಂದು ಭಾಗ ಆ ವೇಳೆಗೆ ಸತ್ತುಹೋಗಿತ್ತು. ಅವರಿಂದ ಈಗ ಆಟೋ ಓಡಿಸಲಾಗುವುದಿಲ್ಲ. ಮನೆಯ ಮೆಟ್ಟಿಲೇರಿದರೂ ಏದುಸಿರು.

ಎರಡನೆಯದು, ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳಿದ್ದ ಅರುವತ್ತೆರಡರ ಹಿರಿಯರೊಬ್ಬರದ್ದು. ಏರು ಹತ್ತುವಾಗ ಎದೆ ಸ್ವಲ್ಪ ಹಿಡಿದಂತಾಗುತ್ತದೆ ಎಂಬುದನ್ನು ಬಿಟ್ಟರೆ ಬೇರೆ ತೊಂದರೆ ಇರಲಿಲ್ಲ. ರಿಯಾಯಿತಿ ದರದ ತಪಾಸಣೆ ಎಂಬ ಜಾಹೀರಾತು ನೋಡಿ ಹೋದರು. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಏನೋ ಸಂಶಯ, ಅದೇ ಸಂಜೆ ಆಂಜಿಯೋಗ್ರಾಮ್. ಅವರಿನ್ನೂ ಮೇಜಿನ ಮೇಲಿರುವಾಗಲೇ ಮಗನನ್ನು ಹೊರಗೆ ಕರೆದು, "ಎಂಬತ್ತು ಶೇಕಡ ಬ್ಲಾಕ್ ಇದೆ, ಈಗಲೇ ಸ್ಟೆಂಟ್ ಹಾಕೋಣವೇ? ಸಹಿ ಮಾಡಿ" ಎಂದು ಕೇಳಲಾಯಿತು. ಅಂತಹ ಕ್ಷಣದಲ್ಲಿ ಯಾವ ಮಗ ಬೇಡವೆಂದಾನು? ಮಗಳ ಮದುವೆಗೆಂದು ತೆಗೆದಿಟ್ಟ ಚಿನ್ನ ಅಡವು ಹೋಯಿತು. ನಮ್ಮ ನಿಧಿಯೂ ಒಂದೇ ದಿನದಲ್ಲಿ, ಒಂದೂ ಪ್ರಶ್ನೆ ಕೇಳದೆ, ಐವತ್ತು ಸಾವಿರ ನೀಡಿತು. ತಿಂಗಳುಗಳ ಬಳಿಕ ಇನ್ನೊಬ್ಬ ಹೃದ್ರೋಗ ತಜ್ಞರು ಆ ಸಿ.ಡಿ. ನೋಡಿ, "ಮೊದಲು ಔಷಧಿಯಲ್ಲೇ ನೋಡಬಹುದಿತ್ತು" ಎಂದರು. ಅದಕ್ಕಿಂತಲೂ ಆತಂಕದ ವಿಷಯವೆಂದರೆ, ಸಾಲ ತೀರಿಸುವ ಒತ್ತಡದಲ್ಲಿ ಅವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನೇ ನಿಲ್ಲಿಸಿಬಿಟ್ಟಿದ್ದರು. ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡವನು ಆ ಮಾತ್ರೆ ನಿಲ್ಲಿಸುವುದೆಂದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಕೈಯಾರೆ ತಂದುಕೊಳ್ಳುವುದು.

ಸಹೋದರರೇ, ಈ ಎರಡು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಒಂದು ನಿಮಿಷವೂ ಕಾಯಬಾರದಿದ್ದಲ್ಲಿ ನಾವು ಹನ್ನೆರಡು ಗಂಟೆ ಕಾದೆವು. ವಾರಗಟ್ಟಲೆ ಯೋಚಿಸಲು ಅವಕಾಶವಿದ್ದಲ್ಲಿ ಹತ್ತು ನಿಮಿಷದಲ್ಲಿ ಸಹಿ ಹಾಕಿದೆವು. ಹೃದಯದ ಚಿಕಿತ್ಸೆಯಲ್ಲಿ ಸುರಕ್ಷತೆ, ಫಲಿತಾಂಶ ಮತ್ತು ವೆಚ್ಚ ಈ ಮೂರನ್ನೂ ತೂಗಿ ನೋಡಬೇಕೆಂದು ಎಲ್ಲರೂ ಹೇಳುತ್ತಾರೆ. ಆದರೆ ತೂಗಲು ತಕ್ಕಡಿ ಎರಡಿವೆ ಎಂಬುದನ್ನು ನಾವು ಮರೆಯುತ್ತೇವೆ. ಹೃದಯಾಘಾತಕ್ಕೆ ಒಂದು ತಕ್ಕಡಿ, ಸ್ಥಿರವಾದ ಎದೆನೋವಿಗೆ ಇನ್ನೊಂದು. ಇವುಗಳನ್ನು ಅದಲು ಬದಲು ಮಾಡುವುದರಿಂದಲೇ ನಮ್ಮ ಜನರು ಜೀವವನ್ನೂ ಕಳೆದುಕೊಳ್ಳುತ್ತಿದ್ದಾರೆ, ಆಸ್ತಿಯನ್ನೂ ಕಳೆದುಕೊಳ್ಳುತ್ತಿದ್ದಾರೆ.

ಗಂಟೆಗಳ ಲೆಕ್ಕ

ಹೃದಯಾಘಾತವೆಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಹಠಾತ್ತನೆ ಮುಚ್ಚಿಹೋಗುವುದು. ಅದು ಮುಚ್ಚಿದ ಕ್ಷಣದಿಂದ ಸ್ನಾಯು ಸಾಯತೊಡಗುತ್ತದೆ. ಇಲ್ಲಿ ಸುರಕ್ಷತೆಯೆಂದರೂ ಸಮಯ, ಫಲಿತಾಂಶವೆಂದರೂ ಸಮಯ. ಅಷ್ಟೇ ಏಕೆ, ವೆಚ್ಚವೂ ಸಮಯವೇ. ತಡವಾದಷ್ಟೂ ಹೃದಯ ದುರ್ಬಲವಾಗುತ್ತದೆ. ದುರ್ಬಲವಾದ ಹೃದಯದ ಖರ್ಚು ಜೀವನಪರ್ಯಂತದ್ದು.

ಇಲ್ಲಿ ಅತ್ಯುತ್ತಮ ಚಿಕಿತ್ಸೆಯೆಲ್ಲ ಅತ್ಯಂತ ದುಬಾರಿ ಎಂಬುದು ನಮ್ಮಲ್ಲಿರುವ ದೊಡ್ಡ ತಪ್ಪುಕಲ್ಪನೆ. 1988ರಲ್ಲಿ ಪ್ರಕಟವಾದ ಐಸಿಸ್-2 ಎಂಬ ಬೃಹತ್ ಅಧ್ಯಯನ ಹದಿನೇಳು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡಿತ್ತು. ಹೃದಯಾಘಾತದ ಶಂಕೆಯಿರುವವರಿಗೆ ಆಸ್ಪಿರಿನ್ ಮಾತ್ರೆಯೊಂದನ್ನೇ ಕೊಟ್ಟಾಗ ಐದು ವಾರಗಳೊಳಗಿನ ಹೃದಯ ಮತ್ತು ರಕ್ತನಾಳ ಸಂಬಂಧಿ ಸಾವುಗಳು ಸುಮಾರು ಶೇ. 23ರಷ್ಟು ಇಳಿದವು. ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಚುಚ್ಚುಮದ್ದನ್ನೂ ಜೊತೆಗೆ ಕೊಟ್ಟಾಗ ಇಳಿಕೆ ಸುಮಾರು ಶೇ. 42. ಒಂದು ಚಹಾದ ಬೆಲೆಯೂ ಇಲ್ಲದ ಮಾತ್ರೆಯ ಸಾಧನೆ ಇದು!

ಹಾಗಾದರೆ ನಮ್ಮ ದೇಶದಲ್ಲಿ ಬಡವರು ಹೆಚ್ಚು ಸಾಯುವುದೇಕೆ? ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರ ಮುಂದಾಳತ್ವದಲ್ಲಿ ದೇಶದ 50 ನಗರಗಳ 89 ಆಸ್ಪತ್ರೆಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ಮಾಹಿತಿ ಸಂಗ್ರಹಿಸಿ, 2008ರಲ್ಲಿ ಪ್ರಕಟಿಸಲಾಯಿತು. ತೀವ್ರ ಹೃದಯಾಘಾತಕ್ಕೊಳಗಾದವರು ನೋವು ಆರಂಭವಾದಂದಿನಿಂದ ಆಸ್ಪತ್ರೆ ತಲುಪಲು ತೆಗೆದುಕೊಂಡ ಮಧ್ಯಮ ಅವಧಿ 360 ನಿಮಿಷ, ಅಂದರೆ ಆರು ಗಂಟೆ! ಮೂವತ್ತು ದಿನಗಳೊಳಗೆ ಸತ್ತವರು ಶ್ರೀಮಂತರಲ್ಲಿ ಶೇ. 5.5, ಬಡವರಲ್ಲಿ ಶೇ. 8.2. ಆದರೆ ನಮ್ಮ ಕಣ್ಣು ತೆರೆಸಬೇಕಾದ ಅಂಶ ಇನ್ನೊಂದಿದೆ. ಯಾರಿಗೆ ಯಾವ ಚಿಕಿತ್ಸೆ ಸಿಕ್ಕಿತೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಬಡವ-ಶ್ರೀಮಂತರ ನಡುವಿನ ಆ ವ್ಯತ್ಯಾಸವೇ ಅಳಿಸಿಹೋಯಿತು. ಅಂದರೆ ಬಡವನ ಹೃದಯ ಬೇರೆಯಲ್ಲ; ಅವನಿಗೆ ಸಿಕ್ಕಿದ ಚಿಕಿತ್ಸೆ ಬೇರೆ.

ತಜ್ಞರಿರುವ ಆಸ್ಪತ್ರೆಯನ್ನು ಬೇಗನೆ ತಲುಪಿ, ಅಲ್ಲಿ ಆಂಜಿಯೋಪ್ಲಾಸ್ಟಿಯ ಮೂಲಕ ನಾಳವನ್ನು ತೆರೆಯುವುದು ಹೃದಯಾಘಾತಕ್ಕೆ ಶ್ರೇಷ್ಠ ಚಿಕಿತ್ಸೆ. 2003ರಲ್ಲಿ 23 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಚುಚ್ಚುಮದ್ದು ಪಡೆದವರಲ್ಲಿ ಆರಂಭಿಕ ವಾರಗಳ ಸಾವು ಶೇ. 9ರಷ್ಟಿದ್ದರೆ ಆಂಜಿಯೋಪ್ಲಾಸ್ಟಿಗೆ ಒಳಗಾದವರಲ್ಲಿ ಶೇ. 7ರಷ್ಟಿತ್ತು. ಮಂಗಳೂರು, ಮೈಸೂರು, ಬೆಂಗಳೂರಿನಂತಹ ನಗರದೊಳಗಿರುವವರು ಈ ಅವಕಾಶವನ್ನು ಬಿಡಬಾರದು. ಆದರೆ ಚಾರ್ಮಾಡಿ ಘಾಟಿಯ ಆಚೆ ಮೂಡಿಗೆರೆಯ ಕಾಫಿ ತೋಟದಲ್ಲಿರುವ ಕಾರ್ಮಿಕನ ಸ್ಥಿತಿ? ಮಳೆಗಾಲದ ರಾತ್ರಿಯಲ್ಲಿ ಸುಳ್ಯದ ಒಳಹಳ್ಳಿಯಲ್ಲಿರುವವರ ಸ್ಥಿತಿ? ಅವರು "ದೊಡ್ಡಾಸ್ಪತ್ರೆಗೇ ಹೋಗೋಣ" ಎಂದು ಹತ್ತಿರದ ಆಸ್ಪತ್ರೆಯನ್ನು ದಾಟಿಕೊಂಡು ಮೂರು ಗಂಟೆ ಪ್ರಯಾಣ ಮಾಡುವುದು ಬುದ್ಧಿವಂತಿಕೆಯಲ್ಲ. 2013ರಲ್ಲಿ ಪ್ರಕಟವಾದ ಸ್ಟ್ರೀಮ್ ಅಧ್ಯಯನವು, ಒಂದು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಾಗದಂತಹ ರೋಗಿಗಳಿಗೆ ಮೊದಲು ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಟ್ಟು ಬಳಿಕ ದೊಡ್ಡ ಆಸ್ಪತ್ರೆಗೆ ಸಾಗಿಸಿದರೆ ಫಲಿತಾಂಶ ನೇರ ಆಂಜಿಯೋಪ್ಲಾಸ್ಟಿಗೆ ಸರಿಸಮವೆಂದು ತೋರಿಸಿತು. ಆದರೆ ಮಿದುಳಿನ ರಕ್ತಸ್ರಾವ ಚುಚ್ಚುಮದ್ದು ಪಡೆದವರಲ್ಲಿ ಹೆಚ್ಚಿತ್ತು, ನೂರರಲ್ಲಿ ಒಬ್ಬರಿಗೆ. ಆದ್ದರಿಂದಲೇ ವೈದ್ಯರು ಚುಚ್ಚುವ ಮೊದಲು ಹಿಂದೆ ಪಾರ್ಶ್ವವಾಯು ಆಗಿತ್ತೇ, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿದೆಯೇ, ರಕ್ತಸ್ರಾವವಿದೆಯೇ ಎಂದು ಕೇಳುತ್ತಾರೆ. ಆ ಪ್ರಶ್ನೆಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರಿಸಿರಿ.

ಈ ಚುಚ್ಚುಮದ್ದು ಖಾಸಗಿಯಾಗಿ ಕೊಂಡರೆ ಹತ್ತಾರು ಸಾವಿರ ರೂಪಾಯಿ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ನಲ್ವತ್ತಾರರ ಹರೆಯದಲ್ಲಿ ತೀರಿಕೊಂಡದ್ದು ಇಡೀ ನಾಡನ್ನು ನಡುಗಿಸಿತು. ಅವರದೇ ಹೆಸರಿನಲ್ಲಿ ರಾಜ್ಯ ಸರಕಾರ ಹೃದಯ ಜ್ಯೋತಿ ಯೋಜನೆಯನ್ನು 2023ರಲ್ಲಿ ಘೋಷಿಸಿ ಬಳಿಕ ಜಾರಿಗೆ ತಂದಿತು. ಜಿಲ್ಲಾ ಮತ್ತು ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಜಯದೇವದಂತಹ ಕೇಂದ್ರದ ತಜ್ಞರ ಸಲಹೆಯೊಂದಿಗೆ, ಅಗತ್ಯವಿದ್ದವರಿಗೆ ಈ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಅದರ ಉದ್ದೇಶ. ನಮ್ಮ ಕರಾವಳಿಯಲ್ಲಿ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು ಗ್ರಾಮೀಣ ವೈದ್ಯರಿಗೆ ಇಸಿಜಿ ಯಂತ್ರಗಳನ್ನು ಒದಗಿಸಿ, ವಾಟ್ಸಾಪ್ ಗುಂಪಿನ ಮೂಲಕವೇ ವರದಿ ನೋಡಿ ಸಲಹೆ ನೀಡುವ ವ್ಯವಸ್ಥೆಯನ್ನು ಕಟ್ಟಿದ್ದಾರೆ. ಹಳ್ಳಿಯ ಕ್ಲಿನಿಕ್‌ನಲ್ಲಿರುವ ಒಂದು ಸಣ್ಣ ಯಂತ್ರ "ಗ್ಯಾಸ್" ಎಂಬ ಭ್ರಮೆಯಿಂದ ಒಂದು ಕುಟುಂಬವನ್ನು ಉಳಿಸಬಲ್ಲುದು.

ಹಣದ ವಿಷಯ ಹೇಳುವುದಾದರೆ, ತುರ್ತು ಸ್ಥಿತಿಯಲ್ಲಿ ಮುಂಗಡ ಪಾವತಿಗಾಗಿ ಒತ್ತಾಯಿಸಿ ಚಿಕಿತ್ಸೆ ತಡೆಯಬಾರದೆಂಬುದನ್ನು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯೇ ಹೇಳುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗಿನ ರಕ್ಷಣೆಯಿದೆ. ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾದರೂ ತುರ್ತು ಚಿಕಿತ್ಸೆಗೆ ನೋಂದಾಯಿತ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಆ ಆಟೋ ಚಾಲಕರ ಮನೆಯಲ್ಲಿ ಬಿಪಿಎಲ್ ಕಾರ್ಡ್ ಇತ್ತು. ಅವರಿಗೆ ಗೊತ್ತಿರಲಿಲ್ಲ, ನೆರವು ನಿಧಿ ನಡೆಸುವ ನಮಗೂ ಗೊತ್ತಿರಲಿಲ್ಲ. ನಾವು ಹಣ ಸಂಗ್ರಹಿಸುತ್ತಾ ಅಮೂಲ್ಯವಾದ ಗಂಟೆಗಳನ್ನು ಕಳೆದೆವು.

ಯೋಚಿಸಲು ಸಮಯವಿರುವ ನೋವು

ಇನ್ನು ಎರಡನೆಯ ತಕ್ಕಡಿ. ಏರು ಹತ್ತುವಾಗ, ಭಾರ ಹೊತ್ತಾಗ ಎದೆ ಹಿಡಿಯುತ್ತದೆ; ವಿಶ್ರಾಂತಿ ಪಡೆದರೆ ಹೋಗುತ್ತದೆ; ತಿಂಗಳುಗಳಿಂದ ಹೀಗೆಯೇ ಇದೆ. ಇದು ಸ್ಥಿರವಾದ ನೋವು. ಇಲ್ಲಿ ಆಂಜಿಯೋಗ್ರಾಮಿನ ಪರದೆಯ ಮೇಲೆ ಕಿರಿದಾದ ನಾಳವನ್ನು ನೋಡಿದ ಕೂಡಲೇ, "ಬ್ಲಾಕ್ ಇದೆ, ತೆರೆಯದಿದ್ದರೆ ಸಾಯುತ್ತಾರೆ" ಎಂದು ನಮ್ಮ ಮನಸ್ಸು ತೀರ್ಮಾನಿಸಿಬಿಡುತ್ತದೆ. ಕೊಳಾಯಿಯ ಕಸ ತೆಗೆದರೆ ನೀರು ಹರಿಯುತ್ತದೆಯಲ್ಲವೇ ಎಂಬ ತರ್ಕ ಅದು.

ವಿಜ್ಞಾನ ಈ ತರ್ಕವನ್ನು ಪರೀಕ್ಷೆಗೆ ಒಡ್ಡಿದೆ. 2007ರಲ್ಲಿ ಪ್ರಕಟವಾದ ಕರೇಜ್ ಅಧ್ಯಯನದಲ್ಲಿ ಇಂತಹ 2,287 ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ಉತ್ತಮ ಔಷಧಿ ಮಾತ್ರ, ಉಳಿದರ್ಧಕ್ಕೆ ಔಷಧಿಯ ಜೊತೆಗೆ ಆಂಜಿಯೋಪ್ಲಾಸ್ಟಿ. ಸುಮಾರು ನಾಲ್ಕೂವರೆ ವರ್ಷಗಳ ಬಳಿಕ ಸಾವು ಅಥವಾ ಹೃದಯಾಘಾತಕ್ಕೊಳಗಾದವರು ಆಂಜಿಯೋಪ್ಲಾಸ್ಟಿಯ ಗುಂಪಿನಲ್ಲಿ ಶೇ. 19, ಔಷಧಿಯ ಗುಂಪಿನಲ್ಲಿ ಶೇ. 18.5. ವ್ಯತ್ಯಾಸವೇ ಇಲ್ಲ. ಇದನ್ನು ಒಪ್ಪದವರಿದ್ದರು. ಆದ್ದರಿಂದ ಇನ್ನೂ ದೊಡ್ಡದಾದ ಇಸ್ಕೀಮಿಯಾ ಅಧ್ಯಯನ ನಡೆಯಿತು. ಭಾರತವೂ ಸೇರಿದಂತೆ 37 ದೇಶಗಳು, 5,179 ರೋಗಿಗಳು. ಅದರ ವರದಿ 2020ರಲ್ಲಿ ಪ್ರಕಟವಾಯಿತು. ಸ್ಟೆಂಟ್ ಅಥವಾ ಬೈಪಾಸಿನ ಹಾದಿ ಹಿಡಿದ ಗುಂಪಿನಲ್ಲಿ 145 ಸಾವುಗಳು, ಮೊದಲು ಔಷಧಿಯಲ್ಲೇ ನೋಡೋಣವೆಂದ ಗುಂಪಿನಲ್ಲಿ 144.

ಕಾರಣವೇನು? ಪರದೆಯ ಮೇಲೆ ದೊಡ್ಡದಾಗಿ ಕಾಣುವ ಬ್ಲಾಕೇ ನಾಳೆ ಒಡೆಯುತ್ತದೆ ಎಂದಿಲ್ಲ. ಎಷ್ಟೋ ಹೃದಯಾಘಾತಗಳು ಸಣ್ಣ ಕೊಬ್ಬಿನ ಗಂಟೊಂದು ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಆಗುವಂತಹವು. ಸ್ಟೆಂಟ್ ರಿಪೇರಿ ಮಾಡುವುದು ನಾಳದ ಒಂದೆರಡು ಅಂಗುಲವನ್ನು. ಕೊಲೆಸ್ಟರಾಲ್ ಇಳಿಸುವ ಮಾತ್ರೆ, ರಕ್ತದೊತ್ತಡದ ನಿಯಂತ್ರಣ, ಬೀಡಿ-ಸಿಗರೇಟಿನ ತ್ಯಾಗ ಇವು ಎಲ್ಲ ನಾಳಗಳ ಮೇಲೂ ಕೆಲಸ ಮಾಡುತ್ತವೆ.

ಹಾಗೆಂದು ಸ್ಟೆಂಟ್ ವ್ಯರ್ಥ, ವೈದ್ಯರೆಲ್ಲ ವಂಚಕರು ಎಂದು ಸಾರುತ್ತಾ ಹೊರಡುವುದು ಇನ್ನೊಂದು ಅನ್ಯಾಯ. ಪದೇ ಪದೇ ನೋವು ಬರುವವರಿಗೆ ಸ್ಟೆಂಟಿನಿಂದ ಉಪಶಮನ ಸಿಗುತ್ತದೆಂಬುದನ್ನು ಇಸ್ಕೀಮಿಯಾ ಅಧ್ಯಯನವೇ ತೋರಿಸಿತು. 2023ರ ಆರ್ಬಿಟಾ-2 ಅಧ್ಯಯನದಲ್ಲಿ ನೋವಿನ ಔಷಧಿ ಇಲ್ಲದ ರೋಗಿಗಳಲ್ಲಿ ನಿಜವಾದ ಆಂಜಿಯೋಪ್ಲಾಸ್ಟಿಯು ತೋರಿಕೆಯ ಚಿಕಿತ್ಸೆಗಿಂತ ಹೆಚ್ಚು ನೋವು ಕಡಿಮೆ ಮಾಡಿತು. ಎಡಭಾಗದ ಮುಖ್ಯ ನಾಳವೇ ಕಿರಿದಾಗಿರುವವರು, ಹೃದಯದ ಬಲ ತೀರಾ ಕುಗ್ಗಿರುವವರು ಈ ಲೆಕ್ಕಾಚಾರದ ಹೊರಗಿನವರು. ಇಸ್ಕೀಮಿಯಾ ಅಧ್ಯಯನದಲ್ಲಿ ಅವರನ್ನು ಸೇರಿಸಿಕೊಂಡಿರಲೇ ಇಲ್ಲ. ಕುಳಿತಲ್ಲೇ ನೋವು ಬರತೊಡಗಿದರೆ, ದಿನೇ ದಿನೇ ಹೆಚ್ಚುತ್ತಿದ್ದರೆ ಅದು ಸ್ಥಿರವಾದ ನೋವಲ್ಲ. ಮೊದಲನೆಯ ತಕ್ಕಡಿಗೆ ಸೇರಿದ್ದು.

ನಮ್ಮ ಸಮಾಜದಲ್ಲಿ ಮನೆಗೊಬ್ಬರೆಂಬಂತಿರುವ ಮಧುಮೇಹಿಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಮಧುಮೇಹವಿದ್ದು ಹಲವು ನಾಳಗಳು ಕಿರಿದಾಗಿರುವವರಿಗೆ "ಎದೆ ಸೀಳುವುದು ಬೇಡ, ಮೂರು ಸ್ಟೆಂಟ್ ಸಾಕು" ಎಂಬ ಮಾತು ಹಿತವಾಗಿ ಕೇಳಿಸುತ್ತದೆ. 2012ರ ಫ್ರೀಡಮ್ ಅಧ್ಯಯನದಲ್ಲಿ ಇಂತಹ 1,900 ರೋಗಿಗಳಿದ್ದರು. ಐದು ವರ್ಷಗಳಲ್ಲಿ ಸತ್ತವರು ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಶೇ. 16.3, ಬೈಪಾಸ್ ಮಾಡಿಸಿಕೊಂಡವರಲ್ಲಿ ಶೇ. 10.9. ಆದರೆ ಪಾರ್ಶ್ವವಾಯು ಬೈಪಾಸ್ ಗುಂಪಿನಲ್ಲೇ ಹೆಚ್ಚು, ಶೇ. 5.2, ಸ್ಟೆಂಟಿನವರಲ್ಲಿ ಶೇ. 2.4. ತೂಗಿ ನೋಡುವುದೆಂದರೆ ಇದು. ಸುಲಭವಾದದ್ದು ಸುರಕ್ಷಿತವೆಂದಲ್ಲ, ದೊಡ್ಡ ಚಿಕಿತ್ಸೆ ದೋಷರಹಿತವೆಂದೂ ಅಲ್ಲ. ಇಂತಹ ರೋಗಿಯ ಬಗ್ಗೆ ಹೃದ್ರೋಗ ತಜ್ಞರು ಮತ್ತು ಶಸ್ತ್ರಚಿಕಿತ್ಸಕರು ಇಬ್ಬರೂ ಕುಳಿತು ಮಾತನಾಡಿದ್ದಾರೆಯೇ ಎಂದು ಮನೆಯವರು ಕೇಳಬೇಕು. ಆಂಜಿಯೋಗ್ರಾಮಿಗೆ ಬಳಸುವ ದ್ರವ ಮಧುಮೇಹಿಯ ಮೂತ್ರಪಿಂಡಕ್ಕೆ ಹಾನಿ ಮಾಡುವ ಸಾಧ್ಯತೆ ಇರುವುದರಿಂದ ಅದರ ಪರೀಕ್ಷೆ ಆಗಿದೆಯೇ ಎಂಬುದನ್ನೂ ವಿಚಾರಿಸಬೇಕು.

ಭಯವೆಂಬ ಬಂಡವಾಳ

ಇಷ್ಟೆಲ್ಲ ಗೊತ್ತಿದ್ದೂ ನಾವು ಆತುರಪಡುವುದು ಭಯದಿಂದ. 2025ರ ಜೂನ್-ಜುಲೈಯಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಮುಂಜಾನೆಯೇ ಸಾಲುಗಟ್ಟಿದ ಜನರನ್ನು ನಾವೆಲ್ಲ ನೋಡಿದ್ದೇವೆ. ಸರಕಾರ ನೇಮಿಸಿದ ತಜ್ಞರ ಸಮಿತಿ ಪರಿಶೀಲಿಸಿ, ಸಾವುಗಳಲ್ಲಿ ಅಸಹಜವಾದ ಏರಿಕೆ ಕಂಡುಬಂದಿಲ್ಲವೆಂದು ವರದಿ ನೀಡಿತು. ಆರೋಗ್ಯವಂತರ ಆ ಸಾಲಿನ ನಡುವೆ ನಿಜವಾದ ರೋಗಿ ಎಷ್ಟು ಹೊತ್ತು ಕಾದಿರಬಹುದು?

ಭಯ ಎಲ್ಲಿದೆಯೋ ಅಲ್ಲಿ ಅದನ್ನು ಬಂಡವಾಳ ಮಾಡಿಕೊಳ್ಳುವವರೂ ಇರುತ್ತಾರೆ. 2024ರ ನವೆಂಬರ್‌ನಲ್ಲಿ ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಬೋರಿಸಣಾ ಗ್ರಾಮದಲ್ಲಿ ಉಚಿತ ತಪಾಸಣಾ ಶಿಬಿರ ನಡೆಯಿತು. ಅಲ್ಲಿಂದ 19 ಮಂದಿಯನ್ನು ಅಹಮದಾಬಾದಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದು ಆಂಜಿಯೋಗ್ರಫಿ ಮಾಡಲಾಯಿತು. ಏಳು ಮಂದಿಗೆ ಸ್ಟೆಂಟ್ ಹಾಕಲಾಯಿತು. ಇಬ್ಬರು ಸತ್ತರು. ಸರಕಾರಿ ವಿಮೆಯ ಹಣಕ್ಕಾಗಿ ಅನಗತ್ಯ ಚಿಕಿತ್ಸೆ ನಡೆಸಿದ ಆರೋಪದಲ್ಲಿ ಬಂಧನಗಳಾದವು. ರೋಗಿಗೆ ಒಂದು ಪೈಸೆ ಖರ್ಚಿಲ್ಲದ ಚಿಕಿತ್ಸೆಯೂ ಅಪಾಯಮುಕ್ತವಲ್ಲ ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ಬೇಕೇ? ಉಚಿತ ಶಿಬಿರಗಳನ್ನು ಏರ್ಪಡಿಸುವ ನಮ್ಮ ಸಂಘಟನೆಗಳು, ಮಸೀದಿ-ಮದ್ರಸಾಗಳ ಸಮಿತಿಗಳು ಒಮ್ಮೆ ಯೋಚಿಸಬೇಕು. ಶಿಬಿರದ ಬ್ಯಾನರಿನಲ್ಲಿ ನಮ್ಮ ಹೆಸರಿದ್ದರೆ, ಅಲ್ಲಿಂದ ಆಸ್ಪತ್ರೆಗೆ ಹೋದವನ ಗತಿ ಏನಾಯಿತೆಂದು ವಿಚಾರಿಸುವ ಹೊಣೆಯೂ ನಮ್ಮದೇ.

ಆಳುವವರ ಹೊಣೆ

ಇದನ್ನೆಲ್ಲ ರೋಗಿಯ ವಿವೇಕಕ್ಕೆ ಬಿಟ್ಟು ಸರಕಾರ ಕೈತೊಳೆದುಕೊಳ್ಳುವಂತಿಲ್ಲ. ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುವವನು ಬೆಲೆ ಸರಿಯಿಲ್ಲವೆಂದು ಮುಂದಿನ ಅಂಗಡಿಗೆ ಹೋಗಬಹುದು. ಆಪರೇಷನ್ ಮೇಜಿನ ಮೇಲೆ ಮಲಗಿದವನು ಎಲ್ಲಿಗೆ ಹೋಗಬೇಕು?

ಸ್ಟೆಂಟಿನ ಕಥೆಯನ್ನೇ ತೆಗೆದುಕೊಳ್ಳಿರಿ. ದೆಹಲಿಯ ವಕೀಲರೊಬ್ಬರು ನ್ಯಾಯಾಲಯದ ಬಾಗಿಲು ತಟ್ಟಿದ ಬಳಿಕ, 2016ರಲ್ಲಿ ಸ್ಟೆಂಟ್ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಸಾದಾ ಸ್ಟೆಂಟಿಗೆ 7,260 ರೂ., ಔಷಧಲೇಪಿತ ಸ್ಟೆಂಟಿಗೆ 29,600 ರೂ. ಗರಿಷ್ಠ ಬೆಲೆಯೆಂದು ಆದೇಶಿಸಿತು. ಅದುವರೆಗೆ ಔಷಧಲೇಪಿತ ಸ್ಟೆಂಟಿನ ಸರಾಸರಿ ಬೆಲೆ ಒಂದು ಲಕ್ಷಕ್ಕೂ ಮಿಕ್ಕಿತ್ತು. ಒಂದು ಆದೇಶದಿಂದ ರಾತ್ರೋರಾತ್ರಿ ಮುಕ್ಕಾಲು ಪಾಲು ಬೆಲೆ ಇಳಿಯಿತೆಂದರೆ, ಅಷ್ಟು ವರ್ಷ ರೋಗಿಗಳು ತೆತ್ತದ್ದು ಯಾವುದರ ಬೆಲೆ? ಆದರೆ ನಮ್ಮ ನಿಧಿಯ ಕಡತಗಳನ್ನು ನೋಡುವಾಗ ಸ್ಟೆಂಟಿನ ಬೆಲೆ ಇಳಿದ ಪ್ರಮಾಣದಲ್ಲಿ ಒಟ್ಟು ಬಿಲ್ಲು ಇಳಿದಿಲ್ಲ. ಕೊಠಡಿ, ಪ್ಯಾಕೇಜ್, ಸಾಮಗ್ರಿ ಮುಂತಾದ ಬೇರೆ ಸಾಲುಗಳು ಉಬ್ಬಿವೆ.

ಸರಕಾರದ ನೆರವು ಫಲ ಕೊಡುವುದಿಲ್ಲ ಎಂಬ ವಾದವನ್ನೂ ನಾನು ಒಪ್ಪುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಮೊದಲು ಜಾರಿಯಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯ ಮೌಲ್ಯಮಾಪನ 2014ರಲ್ಲಿ ಪ್ರಕಟವಾಯಿತು. ಹೃದ್ರೋಗ, ಕ್ಯಾನ್ಸರಿನಂತಹ ಯೋಜನೆಯಡಿ ಬರುವ ಕಾಯಿಲೆಗಳಿಂದಾದ ಸಾವು ಯೋಜನೆಯಿದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಶೇ. 0.32, ಇಲ್ಲದ ಹಳ್ಳಿಗಳಲ್ಲಿ ಶೇ. 0.90. ಆಸ್ಪತ್ರೆಗಾಗಿ ಜೇಬಿನಿಂದ ಕೊಡುವ ಹಣವೂ ಮೂರನೇ ಒಂದರಷ್ಟು ಇಳಿದಿತ್ತು. ಸಾರ್ವಜನಿಕ ಸಂಸ್ಥೆಯಾದ ಜಯದೇವವು "ಚಿಕಿತ್ಸೆ ಮೊದಲು, ಪಾವತಿ ನಂತರ" ಎಂಬ ನೀತಿಯಿಂದಲೇ ಹೆಸರಾಯಿತು. ಅಂದರೆ ಮನಸ್ಸಿದ್ದರೆ ಮಾರ್ಗವಿದೆ.

ಆದರೆ ದೊಡ್ಡದೊಂದು ಲೋಪ ಉಳಿದಿದೆ. ನಮ್ಮ ವಿಮಾ ಯೋಜನೆಗಳಲ್ಲಿ ಸ್ಟೆಂಟಿಗೆ ಹಣವಿದೆ, ಬೈಪಾಸಿಗೆ ಹಣವಿದೆ. ಹೊರರೋಗಿಯ ದಿನನಿತ್ಯದ ಮಾತ್ರೆಗೆ ಹಣವಿಲ್ಲ. ಔಷಧಿಯಿಂದಲೇ ಬದುಕಬಹುದಾದ ಬಡವನಿಗೆ ಮಾತ್ರೆ ತನ್ನ ಜೇಬಿನಿಂದ, ಸ್ಟೆಂಟ್ ಸರಕಾರದಿಂದ! ಹೀಗಿರುವಾಗ ರೋಗಿಯೂ ಆಸ್ಪತ್ರೆಯೂ ಯಾವ ದಾರಿ ಹಿಡಿದಾರು? ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಮಧುಮೇಹ, ಕೊಲೆಸ್ಟರಾಲಿನ ಮಾತ್ರೆಗಳು ತಿಂಗಳು ತಪ್ಪದೆ ಉಚಿತವಾಗಿ ಸಿಗುವಂತಾದರೆ ಎಷ್ಟೋ ಸ್ಟೆಂಟುಗಳ ಅಗತ್ಯವೇ ಬಾರದು.

ಇನ್ನೊಂದು ಬೇಡಿಕೆ ಪಾರದರ್ಶಕತೆಯದ್ದು. ಅಮೆರಿಕದ ನ್ಯೂಯಾರ್ಕ್ ರಾಜ್ಯವು ಯಾವ ಆಸ್ಪತ್ರೆಯಲ್ಲಿ ಬೈಪಾಸ್ ಮಾಡಿಸಿಕೊಂಡವರಲ್ಲಿ ಎಷ್ಟು ಮಂದಿ ಸಾಯುತ್ತಾರೆಂಬುದನ್ನು, ರೋಗಿಗಳ ಸ್ಥಿತಿಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ದಶಕಗಳಿಂದ ಪ್ರಕಟಿಸುತ್ತಾ ಬಂದಿದೆ. ಬ್ರಿಟನಿನ ಬ್ರಿಸ್ಟಲ್ ಆಸ್ಪತ್ರೆಯಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಸಾವುಗಳು ಬೇರೆಡೆಗಿಂತ ಬಹಳ ಹೆಚ್ಚಾಗಿದ್ದವು. ಅಲ್ಲಿನ ಅರಿವಳಿಕೆ ತಜ್ಞರೊಬ್ಬರು ಧೈರ್ಯದಿಂದ ಬಾಯಿಬಿಟ್ಟ ಬಳಿಕ ನಡೆದ ವಿಚಾರಣೆಯ ವರದಿ 2001ರಲ್ಲಿ ಬಂತು. ಫಲಿತಾಂಶವನ್ನು ಜನರಿಂದ ಮುಚ್ಚಿಡಬಾರದೆಂಬ ಪಾಠವನ್ನು ಆ ದೇಶ ಮಕ್ಕಳ ಪ್ರಾಣ ತೆತ್ತು ಕಲಿಯಿತು. ನಮ್ಮಲ್ಲಿ ಆಸ್ಪತ್ರೆಯ ಹವಾನಿಯಂತ್ರಿತ ಕೊಠಡಿಯ ಚಿತ್ರ ಜಾಹೀರಾತಿನಲ್ಲಿ ಸಿಗುತ್ತದೆ. ಅಲ್ಲಿ ಚಿಕಿತ್ಸೆ ಪಡೆದ ನೂರು ಮಂದಿಯಲ್ಲಿ ಎಷ್ಟು ಮಂದಿ ನಡೆದುಕೊಂಡು ಮನೆಗೆ ಹೋದರೆಂಬ ಲೆಕ್ಕವನ್ನು ಜನರ ಮುಂದಿಡುವ ಕಡ್ಡಾಯ ವ್ಯವಸ್ಥೆಯಿಲ್ಲ. ಸರಕಾರದ ಹಣ ಪಡೆಯುವ ಪ್ರತಿ ಆಸ್ಪತ್ರೆಯಿಂದಲಾದರೂ ಈ ಲೆಕ್ಕವನ್ನು ಕೇಳುವ ಹಕ್ಕು ಪ್ರಜೆಗಳಿಗಿಲ್ಲವೇ?

ನಾವೇನು ಮಾಡಬಹುದು?

ಆ ಎರಡು ಪ್ರಕರಣಗಳ ಬಳಿಕ ನಮ್ಮ ನಿಧಿಯ ನಿಯಮಗಳನ್ನು ಬದಲಿಸಿದೆವು. ಎದೆನೋವಿನ ತುರ್ತು ಕರೆ ಬಂದರೆ ಸಭೆಯಿಲ್ಲ, ಚರ್ಚೆಯಿಲ್ಲ. 108ಕ್ಕೆ ಕರೆ, ಹತ್ತಿರದ ಇಸಿಜಿ ಇರುವ ಆಸ್ಪತ್ರೆ, ಬಿಪಿಎಲ್ ಮತ್ತು ಆಧಾರ್ ಕಾರ್ಡಿನೊಂದಿಗೆ ನಮ್ಮ ಒಬ್ಬ ಯುವಕ. ಹಣದ ಮಾತು ಅನಂತರ. ಊರಿನ ಪ್ರತಿ ಮನೆಗೂ ಒಂದು ವಾಕ್ಯ ಕಲಿಸಿದ್ದೇವೆ: ಬೆವರಿನೊಂದಿಗೆ ಬಂದ ಎದೆನೋವು ಗ್ಯಾಸ್ ಹೌದೋ ಅಲ್ಲವೋ ಎಂಬುದನ್ನು ಹೇಳಬೇಕಾದುದು ಇಸಿಜಿ, ಅಡುಗೆಮನೆಯಲ್ಲ.

ತುರ್ತಿಲ್ಲದ ಪ್ರಕರಣವಾದರೆ ನೆರವು ನೀಡುವ ಮೊದಲು ಐದು ಪ್ರಶ್ನೆಗಳಿಗೆ ಉತ್ತರ ಕೇಳುತ್ತೇವೆ. ಇದು ಜೀವ ಉಳಿಸಲು ಮಾಡುವ ಚಿಕಿತ್ಸೆಯೇ, ನೋವು ಕಡಿಮೆ ಮಾಡಲು ಮಾಡುವುದೇ? ಔಷಧಿಯಲ್ಲಿ ಪ್ರಯತ್ನಿಸಿ ನೋಡಲಾಗಿದೆಯೇ? ಮಾಡದೆ ಒಂದು ತಿಂಗಳು ಕಾದರೆ ಏನಾಗಬಹುದು? ಇನ್ನೊಬ್ಬ ತಜ್ಞರು ನೋಡಿದ್ದಾರೆಯೇ? ಚಿಕಿತ್ಸೆಯ ಬಳಿಕ ವರ್ಷದ ಮಾತ್ರೆಗೆ ಹಣವೆಲ್ಲಿಂದ? ರಾಷ್ಟ್ರೀಯ ಮಾನವ ಹಕ್ಕು ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ತನ್ನ ದಾಖಲೆಗಳನ್ನು ಪಡೆಯುವ ಮತ್ತು ಎರಡನೆಯ ಅಭಿಪ್ರಾಯ ಕೇಳುವ ಹಕ್ಕು ಸ್ಪಷ್ಟವಾಗಿದೆ. ಕೇಳುವುದು ವೈದ್ಯರಿಗೆ ಅವಮಾನವಲ್ಲ. ಪ್ರಾಮಾಣಿಕ ವೈದ್ಯರು ಈ ಪ್ರಶ್ನೆಗಳಿಂದ ಸಂತೋಷಪಟ್ಟದ್ದನ್ನೇ ನಾನು ಕಂಡಿದ್ದೇನೆ.

ಈಗ ನಮ್ಮ ನಿಧಿಯ ದೊಡ್ಡ ಪಾಲು ಹೋಗುವುದು ಬಿಲ್ಲಿಗಲ್ಲ, ಮಾತ್ರೆಗೆ. ಸ್ಟೆಂಟ್ ಹಾಕಿಸಿಕೊಂಡವರ ಪಟ್ಟಿ ಇಟ್ಟುಕೊಂಡು, ಪ್ರತಿ ತಿಂಗಳು ಅವರ ಮನೆಗೆ ಜನೌಷಧಿ ಕೇಂದ್ರದ ಮಾತ್ರೆ ತಲುಪಿಸುತ್ತೇವೆ. ರಮಝಾನ್ ಬರುವ ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಸಮಯ ಬದಲಿಸಿಕೊಳ್ಳಿ, ತಾವಾಗಿ ನಿಲ್ಲಿಸಬೇಡಿ ಎಂದು ನೆನಪಿಸುತ್ತೇವೆ. ಕಳೆದ ಬಾರಿ ಆ ಹಿರಿಯರ ಮನೆಗೆ ಹೋದಾಗ ಅವರು ಮಾತ್ರೆಯ ಡಬ್ಬಿಯನ್ನು ತೋರಿಸಿ, "ಆವತ್ತು ಐವತ್ತು ಸಾವಿರ ಕೊಡುವ ಬದಲು ಈ ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ ಮಗಾ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಸಹೋದರ ಸಹೋದರಿಯರೇ, ನಿಧಿಗೆ ಬೀಳುವ ಪ್ರತಿಯೊಂದು ರೂಪಾಯಿಯೂ ಅಮಾನತು. ಅದು ಬೀಡಿ ಕಟ್ಟುವ ತಾಯಂದಿರ, ಮೀನು ಮಾರುವ ಸಹೋದರರ ಬೆವರು. ಒಬ್ಬನಿಗೆ ಅನಗತ್ಯವಾಗಿ ಕೊಟ್ಟದ್ದು ಇನ್ನೊಬ್ಬನ ಅಗತ್ಯದಿಂದ ಕಿತ್ತುಕೊಂಡದ್ದೇ ಆಗಿರುತ್ತದೆ. ರೋಗಿಯ ಮೇಲಿನ ಕರುಣೆಯು ತಿಳುವಳಿಕೆಯ ಜೊತೆ ಸೇರಿದಾಗ ಮಾತ್ರ ಅದು ನೆರವಾಗುತ್ತದೆ. ಧಾವಿಸಬೇಕಾದಾಗ ಧಾವಿಸೋಣ, ನಿಂತು ಯೋಚಿಸಬೇಕಾದಾಗ ನಿಲ್ಲೋಣ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.